ಕೃಪೆಗೂ ಬಾಕಿ ಪಟ್ಟಿಯೇ?



ಕಳೆದ ತಿಂಗಳು ನಮ್ಮ ಸಭೆಯ ವಾಟ್ಸಾಪ್ ಬಳಗದಲ್ಲಿ ಒಂದು ಪ್ರಕಟಣೆ ಬಂದಿತು. ಚಂದಾ ಬಾಕಿ ಇರಿಸಿಕೊಂಡಿರುವ ಕುಟುಂಬಗಳ ಹೆಸರು, ಬಾಕಿಯ ಮೊತ್ತ, ಅದು ಎಷ್ಟು ತಿಂಗಳಿನದು ಎಂಬ ವಿವರ, ಎಲ್ಲವೂ ಅಚ್ಚುಕಟ್ಟಾದ ಕೋಷ್ಟಕದಲ್ಲಿದ್ದವು. ಕೆಳಗೆ ದಪ್ಪಕ್ಷರದಲ್ಲಿ ಒಂದು ಸೂಚನೆ: ಬಾಕಿ ತೀರಿಸದ ಕುಟುಂಬದವರಿಗೆ ಕರ್ತನ ಭೋಜನದಲ್ಲಿ ಪಾಲಿಲ್ಲ, ಅವರ ಮನೆಯ ಸ್ನಾನದೀಕ್ಷೆ, ಮದುವೆ, ಸಮಾಧಿ ಆರಾಧನೆಗಳನ್ನು ಬಾಕಿ ಸಂದಾಯವಾದ ಮೇಲೆಯೇ ನಡೆಸಿಕೊಡಲಾಗುವುದು. ಅದೇ ಬಳಗದಲ್ಲಿ ಅದಕ್ಕೆ ಅರ್ಧ ಗಂಟೆ ಮೊದಲು ಯಾರೋ ಪುಣ್ಯಾತ್ಮರು ಅಂದಿನ ವಾಗ್ದಾನದ ವಚನವನ್ನು ಹೂವಿನ ಚಿತ್ರದೊಡನೆ ಕಳುಹಿಸಿದ್ದರು. ರಕ್ಷಣೆಯು ದೇವರು ಉಚಿತವಾಗಿ ಕೊಡುವ ವರ, ಮನುಷ್ಯನ ಸಂಪಾದನೆಯಲ್ಲ ಎಂಬ ಅರ್ಥದ ವಚನ ಅದು. ಎರಡರ ಕೆಳಗೂ ಒಂದೇ ಬಗೆಯ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದಿದ್ದವು.

ನಿಮ್ಮಲ್ಲಿ ಬಹುಮಂದಿ ಕ್ರೈಸ್ತರಲ್ಲವಾದ್ದರಿಂದ ಸ್ವಲ್ಪ ವಿವರಿಸಬೇಕು. ಒಂದು ದೇವಾಲಯಕ್ಕೆ ಸೇರಿದ ಜನಸಮುದಾಯವನ್ನು ನಾವು ಸಭೆ ಎನ್ನುತ್ತೇವೆ. ಪ್ರತಿ ಕುಟುಂಬವೂ ತಿಂಗಳಿಗಿಷ್ಟೆಂದು ಚಂದಾ ಕೊಡುತ್ತದೆ. ಸಭಾಪಾಲಕರ ಸಂಬಳ, ದೀಪದ ಖರ್ಚು, ಮಳೆಗಾಲಕ್ಕೆ ಮುನ್ನ ಮಾಡಿನ ಹಂಚು ಬದಲಿಸುವುದು ಎಲ್ಲವೂ ಅದರಿಂದಲೇ ನಡೆಯಬೇಕು. ಅದರಲ್ಲಿ ತಪ್ಪೇನೂ ಇಲ್ಲ. ನಾನೂ ಇಂದಿಗೂ ತಪ್ಪದೆ ಕೊಡುತ್ತೇನೆ. ನನ್ನ ತಕರಾರು ಆ ಕೋಷ್ಟಕದ ಕುರಿತಲ್ಲ, ಅದರ ಕೆಳಗಿನ ಸೂಚನೆಯ ಕುರಿತು.

ನನ್ನ ಸೋದರಳಿಯನೇ ಈಗಿನ ಖಜಾಂಚಿ. ಫೋನು ಮಾಡಿ, ಇದೇನಪ್ಪಾ ಎಂದು ಕೇಳಿದೆ. ಅವನು ಸಿಟ್ಟಾಗಲಿಲ್ಲ. "ಮಾವ, ಇದು ನಾವು ಹೊಸದಾಗಿ ಮಾಡಿದ್ದಲ್ಲ. ಹಳೆಯ ನಡಾವಳಿ ಪುಸ್ತಕದಲ್ಲಿ ಉಂಟು. ಅದನ್ನೇ ನೋಡಿ ಬರೆದದ್ದು. ಅಕ್ಷರ ನಿಮ್ಮದೇ" ಎಂದ.

ಅವನು ಹೇಳಿದ್ದು ನಿಜ. ಆದ್ದರಿಂದ ಈ ಲೇಖನ ಮೊದಲು ನನ್ನ ವಿರುದ್ಧವೇ ಬರೆದದ್ದು. ಉಳಿದವರ ಸರದಿ ಆಮೇಲೆ.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಕೃಪಾಂಕವೆಂದರೇನೆಂದು ಗೊತ್ತು. ಕೆಲವರಿಗೆ ಅನುಭವದಿಂದಲೇ ಗೊತ್ತು, ಹೆಸರು ಹೇಳುವುದಿಲ್ಲ. ಆಗ ಮೂವತ್ತೈದಕ್ಕೆ ತೇರ್ಗಡೆಯಾಗುತ್ತಿತ್ತು. ಹುಡುಗನಿಗೆ ಮೂವತ್ತೊಂದು ಬಂದಿದ್ದರೆ ನಾಲ್ಕು ಅಂಕ ಕೊಟ್ಟು ದಾಟಿಸುತ್ತಿದ್ದರು. ಹನ್ನೊಂದು ಬಂದವನಿಗೆ ಅದೂ ಇಲ್ಲ. ದಡದ ಹತ್ತಿರ ಈಜಿ ಬಂದವನಿಗೆ ಮಾತ್ರ ಕೈ ಕೊಡುವ ಏರ್ಪಾಡು ಅದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದಾಗ ಎಷ್ಟು ಗದ್ದಲವಾಯಿತೆಂಬುದು ನೆನಪಿದೆಯಲ್ಲವೆ? ಓದಿದ ಮಕ್ಕಳಿಗೆ ಅನ್ಯಾಯವಾಯಿತೆಂದು ಅನೇಕರು ಬರೆದರು. ಪರೀಕ್ಷೆಯ ವಿಷಯದಲ್ಲಿ ಅವರ ಮಾತು ಸರಿಯೇ. ಪರೀಕ್ಷೆಯೆಂದರೆ ಅಳತೆ, ಅಳತೆಗೋಲನ್ನು ಕಂಡಕಂಡ ಹಾಗೆ ಬಗ್ಗಿಸಬಾರದು.

ಆದರೆ ನಮ್ಮ ದೇವಾಲಯಗಳಲ್ಲಿ ಕೃಪೆಯ ಕುರಿತು ಮಾತನಾಡುವವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಈ ಕೃಪಾಂಕವೇ. ಒಳ್ಳೆಯ ಕುಟುಂಬದಲ್ಲಿ ಹುಟ್ಟಿ, ಭಾನುವಾರ ಶಾಲೆಯಲ್ಲಿ ವಚನ ಬಾಯಿಪಾಠ ಮಾಡಿ, ಚಂದಾ ಕಟ್ಟಿ, ಬೆಳೆಹಬ್ಬದ ಹರಾಜಿನಲ್ಲಿ ಒಂದು ಗೊನೆ ಬಾಳೆಹಣ್ಣನ್ನು ಎರಡು ಸಾವಿರಕ್ಕೆ ಕೂಗಿಸಿಕೊಂಡವನು ಹೇಗೂ ಮೂವತ್ತೊಂದರವರೆಗೆ ತಲುಪಿರುತ್ತಾನೆ. ಮಿಕ್ಕ ನಾಲ್ಕನ್ನು ದೇವರು ಕೊಡುತ್ತಾನೆ. ಇದು ನಮ್ಮ ಅಲಿಖಿತ ವೇದಾಂತ. ಸುವಾರ್ತೆಯಲ್ಲಿ ಇರುವುದು ಇದಲ್ಲ. ಸುವಾರ್ತೆಯ ಪ್ರಕಾರ ಎಲ್ಲರ ಉತ್ತರಪತ್ರಿಕೆಯೂ ಖಾಲಿ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದ ಕೊನೆಗೆ ಸಂಬಳಕ್ಕೂ ವರಕ್ಕೂ ನಡುವೆ ಗೆರೆ ಎಳೆದುಬಿಡುತ್ತಾನೆ: ಪಾಪ ಸಂಬಳ ಕೊಡುತ್ತದೆ, ಆ ಸಂಬಳ ಮರಣ, ದೇವರಿಂದ ಬರುವ ಜೀವವಾದರೋ ಕೇವಲ ವರ. ತಿಂಗಳ ಕೊನೆಗೆ ಸಂಬಳ ಎಣಿಸಿ, ಬಡ್ತಿಯ ಲೆಕ್ಕ ಹಾಕಿ, ಈಗ ಪಿಂಚಣಿಯಲ್ಲಿ ಬದುಕುತ್ತಿರುವ ನನ್ನಂಥವನಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ದ್ರಾಕ್ಷೆಯ ತೋಟದ ಸಾಮ್ಯವೂ ಹಾಗೆಯೇ. ಬೆಳಗಿನಿಂದ ಬಿಸಿಲಲ್ಲಿ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ನಮ್ಮ ಶಿಕ್ಷಕರ ಸಂಘದ ಸಭೆಯಲ್ಲಿ ಈ ಕಥೆಯನ್ನು ಹೇಳಿದ್ದರೆ ಮರುದಿನವೇ ಮುಷ್ಕರವಾಗುತ್ತಿತ್ತು.

ಈಗ ಆ ನಡಾವಳಿ ಪುಸ್ತಕದ ಸಂಗತಿಗೆ ಬರುತ್ತೇನೆ.

1998ರ ಆಟಿ ತಿಂಗಳು. ಹೊರಗೆ ಧಾರಾಕಾರ ಮಳೆ. ಆರಾಧನೆ ಆರಂಭವಾದ ಮೇಲೆ ಒಬ್ಬ ಮನುಷ್ಯ ಹಿಂದಿನ ಬಾಗಿಲಿನಿಂದ ಬಂದು, ಒದ್ದೆ ಕೊಡೆಗಳನ್ನು ಸಾಲಾಗಿ ಇರಿಸುವ ಮೂಲೆಯ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತ. ಹೆಸರು ಬೇಡ. ಹಂಚಿನ ಕಾರ್ಖಾನೆಯೊಂದರಲ್ಲಿ ಆವೆಗೆ ಸೌದೆ ಹಾಕುವ ಕೆಲಸದಲ್ಲಿದ್ದು, ಅದು ಮುಚ್ಚಿದ ಮೇಲೆ ಸಿಕ್ಕಿದ ಕೂಲಿ ಮಾಡುತ್ತಿದ್ದವನು. ಕುಡಿತದ ದಾಸನಾಗಿದ್ದ. ಹೆಂಡತಿಯ ಕರಿಮಣಿಯೊಂದನ್ನು ಬಿಟ್ಟು ಮಿಕ್ಕ ಚಿನ್ನವೆಲ್ಲ ಹೋಗಿತ್ತು. 19 ವರ್ಷ ದೇವಾಲಯದ ಮೆಟ್ಟಿಲು ತುಳಿದಿರಲಿಲ್ಲ. ಆ ವರ್ಷ ಹೆಂಡತಿ ತೀರಿಕೊಂಡಿದ್ದಳು.

ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಎಲ್ಲರಂತೆ ಅವನೂ ಎದ್ದು ಮುಂದೆ ನಡೆದ. ನಮ್ಮ ಹಿರಿಯರೊಬ್ಬರು ನಡುವಿನ ದಾರಿಯಲ್ಲೇ ಅವನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿದರು. ಅವನು ತಲೆಯಾಡಿಸಿ ಹಿಂದಿರುಗಿದ. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ಟ್ರೇ, ನನ್ನದು ಎಷ್ಟು ಬಾಕಿ ಉಂಟು?" ಎಂದು ಕೇಳಿದ.

ನಾನು ಸಭೆಯ ಕಾರ್ಯದರ್ಶಿ. ಲೆಡ್ಜರು ತೆರೆದು ಲೆಕ್ಕ ಹಾಕಿದೆ. ಮೊದಲ 10 ವರ್ಷ ತಿಂಗಳಿಗೆ 3 ರೂಪಾಯಿಯಂತೆ 360. ಆಮೇಲಿನ 9 ವರ್ಷ 10 ರೂಪಾಯಿಯಂತೆ 1,080. ಒಟ್ಟು 1,440 ರೂಪಾಯಿ. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಇರಲಿಲ್ಲ. ಅವನು ಬಾರದೇ ಇದ್ದ ವರ್ಷಗಳಿಗೆ, ಕೇಳದೇ ಇದ್ದ ಪ್ರಸಂಗಗಳಿಗೆ, ನಾವು ಒಮ್ಮೆಯೂ ಅವನ ಮನೆಯತ್ತ ಹೋಗದೇ ಇದ್ದ ಕಾಲಕ್ಕೆ ದುಂಡಗಿನ ಅಕ್ಷರದಲ್ಲಿ ಬಿಲ್ಲು ಬರೆದುಕೊಟ್ಟೆ. ಕಮಿಟಿಯಲ್ಲಿ ವಿಷಯ ಬಂದಾಗ ಒಬ್ಬಿಬ್ಬರು ಮನ್ನಾ ಮಾಡೋಣವೆಂದರು. ಹಾಗೆ ಮಾಡಿದರೆ ಕ್ರಮವಾಗಿ ಕೊಡುವವರು ಏನೆಂದುಕೊಂಡಾರು ಎಂಬ ಪ್ರಶ್ನೆ ಬಂದಿತು. ಆ ಪ್ರಶ್ನೆ ಎತ್ತಿದವನು ನಾನು. ಕಂತಿನಲ್ಲಿ ಕಟ್ಟಲು ಅವಕಾಶ, ಪೂರ್ತಿ ತೀರುವವರೆಗೆ ಕರ್ತನ ಭೋಜನವಿಲ್ಲ ಎಂದು ತೀರ್ಮಾನವಾಯಿತು. ಅಳಿಯನು ಕಂಡ ನಡಾವಳಿ ಅದೇ.

ಅವನು ತಿಂಗಳಿಗೆ 50 ರೂಪಾಯಿ ತಂದುಕೊಡತೊಡಗಿದ. ಒಂದು ತಿಂಗಳೂ ತಪ್ಪಿಸಲಿಲ್ಲ. ನಾನು ರಸೀದಿ ಹರಿದು ಕೊಡುತ್ತಿದ್ದೆ. ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಮೊದಲ ಭಾನುವಾರಗಳಲ್ಲಿ ಎಲ್ಲರೂ ಎದ್ದು ಕರ್ತನ ಮೇಜಿನ ಬಳಿಗೆ ಹೋಗುವಾಗ ಕೊನೆಯ ಬೆಂಚಿನಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ಮದ್ಯ ಬಿಟ್ಟಿದ್ದನೇ ಎಂದರೆ, ಬಿಟ್ಟಿದ್ದ. ಎರಡು ಸಲ ಜಾರಿಯೂ ಬಿದ್ದ. ಎರಡು ಸಲವೂ ಮುಂದಿನ ಭಾನುವಾರ ತಾನೇ ಬಂದು ಹೇಳಿದ. ಒಂದು ದಿನ ನಾನು, ಉಪದೇಶಿಯ ಧಾಟಿಯಲ್ಲಿ, ನಿನಗೆ ರಕ್ಷಣೆಯ ನಿಶ್ಚಯವಾಗಿದೆಯೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. "ಅದೆಲ್ಲ ಗೊತ್ತಿಲ್ಲ ಮಾಸ್ಟ್ರೇ. ಮೊದಲು ಬೆಳಿಗ್ಗೆ ಎದ್ದ ಕೂಡಲೇ ಹೆದರಿಕೆ ಆಗ್ತಿತ್ತು. ಈಗ ಆಗುದಿಲ್ಲ" ಎಂದ.

ಹನ್ನೊಂದು ಕಂತು ಕಟ್ಟಿದ್ದ. 1999ರ ಜುಲೈಯಲ್ಲಿ, ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡ. ಸಂದಾಯವಾದದ್ದು 550, ಉಳಿದದ್ದು 890. ಕಮಿಟಿಯವರು ಮಧ್ಯಾಹ್ನ ಸೇರಿದರು. ತೀರ್ಮಾನವನ್ನು ನಾನು ಇಲ್ಲಿ ಪುನಃ ಬರೆಯಲಾರೆ. ಸಂಜೆ ನಾಲ್ಕಕ್ಕೆ ಅವನ ಮಗಳು ಕಿವಿಯ ಬೆಂಡೋಲೆ ಅಡವಿಟ್ಟು ಹಣ ತಂದಳು. ಆಮೇಲೆ ಗಂಟೆ ಹೊಡೆಯಿತು. ರಸೀದಿ ಬರೆದವನು ನಾನೇ. ಅವಳು ಅದನ್ನು ತೆಗೆದುಕೊಂಡು, ತಂದೆಯ ಹಾಡಿನ ಪುಸ್ತಕದಲ್ಲಿ ಮಡಿಸಿಟ್ಟಿದ್ದ ಮಿಕ್ಕ ಹನ್ನೊಂದು ರಸೀದಿಗಳೊಡನೆ ಸೇರಿಸಿ ಇಟ್ಟಳು. ಅತ್ತದ್ದೂ ಇಲ್ಲ, ಬೈದದ್ದೂ ಇಲ್ಲ. ಆ ಮಳೆಗಾಲ ಕಳೆಯುವಷ್ಟರಲ್ಲಿ ಸಮಾಧಿ ಭೂಮಿಯಲ್ಲಿ ಸೊಂಟದೆತ್ತರ ಹುಲ್ಲು ಬೆಳೆದು ನಿಂತಿತು. ಹಿಂದಿನ ವರ್ಷವಿಡೀ ಅದನ್ನು ಯಾರೂ ಹೇಳದೆ ಕೊಯ್ದು ಚೊಕ್ಕಟ ಮಾಡುತ್ತಿದ್ದವನು ಯಾರೆಂದು ನಮಗೆ ಆಗ ತಿಳಿಯಿತು. ಅದರ ಕೂಲಿಯನ್ನು ಬಾಕಿಯಲ್ಲಿ ವಜಾ ಮಾಡಬೇಕೆಂದು ಅವನು ಕೇಳಿರಲಿಲ್ಲ.

ಅದೇ ವರ್ಷದ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥೆರನ್ ಸಭೆಗಳ ಒಕ್ಕೂಟದವರೂ ರೋಮನ್ ಕಥೋಲಿಕರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ತನ್ನ ಪುಣ್ಯಕಾರ್ಯಗಳ ಬಲದಿಂದಲ್ಲ, ಕೃಪೆಯಿಂದ ಎಂಬುದರಲ್ಲಿ ತಮ್ಮಿಬ್ಬರಿಗೂ ಮೂಲತಃ ಒಮ್ಮತವಿದೆ ಎಂಬುದು ಅದರ ಸಾರ. 1517ರ ಅದೇ ದಿನಾಂಕದಂದು ಮಾರ್ಟಿನ್ ಲೂಥರನು ವಿಟೆನ್‌ಬರ್ಗಿನಲ್ಲಿ ತನ್ನ 95 ವಾದಗಳನ್ನು ಮುಂದಿಟ್ಟಿದ್ದ. ಆಗ ಟೆಟ್ಸೆಲ್ ಎಂಬ ಸಂನ್ಯಾಸಿ ಊರೂರು ತಿರುಗಿ, ಪಾಪದ ದಂಡನೆಯಿಂದ ವಿನಾಯಿತಿ ಕೊಡುವ ಪತ್ರಗಳನ್ನು ಮಾರುತ್ತಿದ್ದ. ಬಂದ ಹಣದ ಒಂದು ಪಾಲು ರೋಮಿನ ಸಂತ ಪೇತ್ರನ ಮಹಾದೇವಾಲಯದ ಕಟ್ಟಡಕ್ಕೆ, ಇನ್ನೊಂದು ಪಾಲು ಮೈನ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟನು ಫುಗ್ಗರ್ ಎಂಬ ಸಾಹುಕಾರ ಮನೆತನದಿಂದ ಎತ್ತಿದ್ದ ಸಾಲಕ್ಕೆ ಹೋಗುತ್ತಿತ್ತು. ಈ ಕಥೆಯನ್ನು ನಾವು ಸುಧಾರಣಾ ಭಾನುವಾರದಂದು ಪ್ರತಿವರ್ಷ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1999ರಲ್ಲಿಯೂ ಹೇಳಿದೆವು, ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಮಾಡಿದವನು ನಾನು. ಆಗ್ಸ್‌ಬರ್ಗಿನಲ್ಲಿ 482 ವರ್ಷಗಳ ಜಗಳಕ್ಕೆ ತೆರೆ ಬೀಳುತ್ತಿದ್ದಾಗ ನನ್ನ ಮೇಜಿನ ಖಾನೆಯಲ್ಲಿ ಆ ರಸೀದಿಗಳ ನಕಲು ಪ್ರತಿಗಳು ಇದ್ದವು. ಟೆಟ್ಸೆಲನಾದರೂ ಸತ್ತವರ ಬಾಕಿಯನ್ನು ಕಡಮೆ ಮಾಡುವುದಾಗಿ ಹೇಳಿಕೊಂಡು ಹಣ ಕೇಳುತ್ತಿದ್ದ. ನಾವು ಅಷ್ಟನ್ನೂ ಹೇಳಲಿಲ್ಲ.

ಇದಕ್ಕೆ ಹಿಂದಿನವರನ್ನು ದೂರುವವರಿದ್ದಾರೆ: ಮಿಶನಿನವರು ಹಾಕಿಕೊಟ್ಟ ಶಿಸ್ತು, ನಾವೇನು ಮಾಡೋಣ ಎನ್ನುತ್ತಾರೆ. ಅರ್ಧ ಸತ್ಯ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ, ಕ್ರೈಸ್ತರಾದವರು ಅನೇಕವೇಳೆ ಮನೆ, ನಂಟರು, ಕುಲಕಸುಬು ಮೂರನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆಂದೇ ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪಿನ ಹಂಚಿನ ಕಾರ್ಖಾನೆ ಬಂದಿತು. ಕೆಲಸ ಕೊಡುವವರು, ಪ್ರಸಂಗ ಮಾಡುವವರು, ಶಿಸ್ತು ನೋಡುವವರು ಒಂದೇ ಮನೆಯವರಾದರು. ನಡತೆ ಕೆಟ್ಟವರನ್ನು ಕರ್ತನ ಭೋಜನದಿಂದ ಕೆಲಕಾಲ ದೂರವಿಡುವ ಪದ್ಧತಿ ನಿಜವಾಗಿಯೂ ಇತ್ತು, ಕಠಿಣವಾಗಿಯೇ ಇತ್ತು. ಆದರೆ ದೂರವಿಟ್ಟದ್ದು ನಡತೆಗಾಗಿ, ಮರಳಿ ಬರಲಿ ಎಂಬುದಕ್ಕಾಗಿ. ಮರಳಿ ಬಂದವನನ್ನು ಹಣಕ್ಕಾಗಿ ದೂರವಿಟ್ಟದ್ದು ನಮ್ಮ ಸ್ವಂತ ಸಂಶೋಧನೆ. ಬಾಸೆಲಿನವರ ತಲೆಗೆ ಕಟ್ಟಬೇಕಾದ ತಪ್ಪುಗಳು ಬೇರೆ ಇವೆ; ಇದನ್ನು ಕಟ್ಟುವುದು ಬೇಡ.

ಇನ್ನೊಂದು ಬದಿಯಿಂದ ಬರುವ ಮಾತನ್ನೂ ಕೇಳಿದ್ದೇನೆ. "ನಿಮ್ಮ ಹಳೆಯ ಸಭೆಗಳೇ ಸತ್ತುಹೋಗಿವೆ ಸಾರ್, ನಮ್ಮ ಕೂಟಕ್ಕೆ ಬನ್ನಿ, ಅಲ್ಲಿ ಹೊಸ ಜೀವ ಉಂಟು" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆದ. ಪ್ರೀತಿಯ ಹುಡುಗ, ಹೋದೆ. ಮೈದಾನದಲ್ಲಿ ಪೆಂಡಾಲು, ಎದೆ ನಡುಗಿಸುವ ಧ್ವನಿವರ್ಧಕ. ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳಿದರು. ಇಂಥ ತಾರೀಖು, ಇಷ್ಟು ಗಂಟೆಗೆ ನಾನು ಹೊಸದಾಗಿ ಹುಟ್ಟಿದೆ. ಅಂದಿನಿಂದ ಕುಡಿತವಿಲ್ಲ, ಸಾಲವಿಲ್ಲ, ಮಗನಿಗೆ ದುಬೈಯಲ್ಲಿ ಕೆಲಸ. ನಾನು ಅಲ್ಲಿದ್ದ ಮೂರು ಗಂಟೆಗಳಲ್ಲಿ, ಹೊಸದಾಗಿ ಹುಟ್ಟಿಯೂ ಎರಡು ಸಲ ಜಾರಿ ಬಿದ್ದೆ ಎಂದವರು ಒಬ್ಬರೂ ವೇದಿಕೆ ಹತ್ತಲಿಲ್ಲ. ಕೊನೆಗೆ ಕಾಣಿಕೆಯ ಹೊತ್ತು. ಹೆಚ್ಚು ಬಿತ್ತಿದವನು ಹೆಚ್ಚು ಕೊಯ್ಯುವನೆಂದು ಹೇಳಿ ಲಕೋಟೆಗಳನ್ನು ಹಂಚಿದರು. ನಮ್ಮಲ್ಲಿ ಹಿಂದಿನ ಬಾಕಿ ಕೇಳುತ್ತಾರೆ, ಅಲ್ಲಿ ಮುಂಗಡ ಕೇಳುತ್ತಾರೆ. ಆ ಹುಡುಗನಿಗೆ ಇದನ್ನು ಹೇಳಿದೆ. ಅವನು ನಕ್ಕ, ಸ್ವಲ್ಪ ಬೇಸರವೂ ಆಯಿತೆಂದು ಕಾಣುತ್ತದೆ.

ಹೊಸ ಜೀವವೆಂಬುದೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಕಣ್ಣಾರೆ ಕಂಡವನು ನಾನು, ಕೊನೆಯ ಬೆಂಚಿನಲ್ಲಿ. ಆದರೆ ಅದು ತಾರೀಖು ಬರೆದು ಚೌಕಟ್ಟು ಹಾಕಿಸುವ ಪ್ರಮಾಣಪತ್ರವಲ್ಲ. ಇಂಗ್ಲಿಷರ ದೇವಾಲಯಗಳಲ್ಲಿ ಮಾತ್ರವಲ್ಲದೆ ಈಗ ಎಲ್ಲೆಲ್ಲೂ ಹಾಡುವ "ಅಮೇಜಿಂಗ್ ಗ್ರೇಸ್" ಎಂಬ ಗೀತೆಯನ್ನು ಬರೆದ ಜಾನ್ ನ್ಯೂಟನನ ಕಥೆಯನ್ನು ಸಾಕ್ಷಿಕೂಟಗಳಲ್ಲಿ ಬಹಳ ಹೇಳುತ್ತಾರೆ. ಗುಲಾಮರ ವ್ಯಾಪಾರದಲ್ಲಿದ್ದವನು, 1748ರ ಮಾರ್ಚಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರನ್ನು ಕೂಗಿಕೊಂಡ, ಬದಲಾದ ಎಂದು. ಅಷ್ಟಕ್ಕೆ ನಿಲ್ಲಿಸುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಆ ಬಿರುಗಾಳಿಯ ಬಳಿಕವೂ ನ್ಯೂಟನನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದ. ಮೇಲ್ಗಡೆ ಪ್ರಾರ್ಥನೆ, ಕೆಳಗಡೆ ಸಂಕೋಲೆ. 1754ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದು ಕೂಡ ಕಾಯಿಲೆಯಿಂದ. 1764ರಲ್ಲಿ ಪಾದ್ರಿಯಾದ, ಆ ಗೀತೆ ಓಲ್ನಿ ಎಂಬ ಊರಿನಲ್ಲಿ 1773ರ ಹೊಸ ವರ್ಷದ ಆರಾಧನೆಗೆಂದು ಬರೆದದ್ದು. ಗುಲಾಮರ ವ್ಯಾಪಾರದ ವಿರುದ್ಧ ಅವನು ಪುಸ್ತಿಕೆ ಪ್ರಕಟಿಸಿ, ತನ್ನ ಪಾಲಿನ ಪಾಪವನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ. ಬಿರುಗಾಳಿಗೂ ಅದಕ್ಕೂ ನಡುವೆ 40 ವರ್ಷ! 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದನ್ನು ನೋಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ. ಬಿರುಗಾಳಿಯ ದಿನ ತಾನು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದು ಅವನೇ ಆಮೇಲೆ ಬರೆದುಕೊಂಡಿದ್ದಾನೆ. ನಮ್ಮ ಕಮಿಟಿಯ ಕೈಗೆ ಸಿಕ್ಕಿದ್ದರೆ ಅವನು ಎಷ್ಟು ಕಂತುಗಳಲ್ಲಿ ತೀರಿಸಬೇಕಾಗುತ್ತಿತ್ತೋ!

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಗಟ್ಟಿಯಾದ ಆಕ್ಷೇಪ. ಎಲ್ಲವೂ ಉಚಿತವೆಂದರೆ ಜನರು ಮನಸೋಇಚ್ಛೆ ನಡೆಯುವುದಿಲ್ಲವೆ? ಹಿಟ್ಲರನ ಕಾಲದ ಜರ್ಮನಿಯಲ್ಲಿ ಡೀಟ್ರಿಕ್ ಬೊನ್‌ಹೋಫರ್ ಎಂಬ ಪಾದ್ರಿಯೇ 1937ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅಗ್ಗದ ಕೃಪೆಯನ್ನು ಕಟುವಾಗಿ ಖಂಡಿಸಿದ್ದಾರಲ್ಲ ಎಂದು ಓದಿಕೊಂಡವರು ಕೇಳುತ್ತಾರೆ. ಹೌದು, ಖಂಡಿಸಿದ್ದಾರೆ. ಆದರೆ ಅವರು ಅಗ್ಗವೆಂದದ್ದು ಯಾವುದನ್ನು? ಏನೂ ಬದಲಾಗದೆ, ಯಾರ ಹಿಂದೆಯೂ ಹೋಗದೆ, ಭಾನುವಾರ ಬಂದು ಕ್ಷಮಾಪಣೆ ಪಡೆದು ಸೋಮವಾರ ಹಳೆಯ ಅನ್ಯಾಯಕ್ಕೆ ಹಾಜರಾಗುವುದನ್ನು. ಅದಕ್ಕೆ ಮದ್ದು ಪ್ರವೇಶ ಶುಲ್ಕವೆಂದು ಅವರು ಎಲ್ಲಿಯೂ ಹೇಳಲಿಲ್ಲ. ಅವರು ತೆತ್ತ ಬೆಲೆ ಬೇರೆ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಆ ಹೆಸರನ್ನು 890 ರೂಪಾಯಿಯ ಸಮರ್ಥನೆಗೆ ಎಳೆದು ತರುವುದು ನ್ಯಾಯವಲ್ಲ. ಜಕ್ಕಾಯನ ಕಥೆಯನ್ನು ನೋಡಿ. ಸುಂಕದವನ ಮನೆಗೆ ಯೇಸು ಮೊದಲು ಊಟಕ್ಕೆ ಹೋಗುತ್ತಾನೆ. ಮೋಸದಿಂದ ತೆಗೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಜಕ್ಕಾಯನು ಹೇಳುವುದು ಆಮೇಲೆ. ನಾಲ್ಕರಷ್ಟು ಕೊಟ್ಟು ರಸೀದಿ ತೋರಿಸು, ಬಳಿಕ ನಿನ್ನ ಮನೆಗೆ ಬರುತ್ತೇನೆ ಎಂದಿದ್ದರೆ ಜಕ್ಕಾಯ ಇಂದಿಗೂ ಆ ಅತ್ತಿಯ ಮರದ ಮೇಲೆಯೇ ಇರುತ್ತಿದ್ದ. ಮೊದಲು ಯಾವುದು, ಆಮೇಲೆ ಯಾವುದು ಎಂಬುದರಲ್ಲಿಯೇ ಇಡೀ ಸುವಾರ್ತೆ ಅಡಗಿದೆ. ಹುಲ್ಲು ಕೊಯ್ದವನು ಹುಲ್ಲು ಕೊಯ್ದದ್ದು ಒಳಗೆ ಸೇರಿಸಿಕೊಳ್ಳಲಿ ಎಂದಲ್ಲ. ನಾವು ಸೇರಿಸಿಕೊಂಡಿರಲಿಲ್ಲ, ಸೇರಿಸಿಕೊಂಡವನು ಬೇರೊಬ್ಬನಿದ್ದ.

ಅಳಿಯನ ವಾದವನ್ನೂ ತಳ್ಳಿಹಾಕುವಂತಿಲ್ಲ. "ಮಾವ, ಗಲ್ಫಿನಲ್ಲಿ ಇರುವವರು ಎರಡು ಮಹಡಿ ಮನೆ ಕಟ್ಟಿಸಿ ಮೂರು ವರ್ಷದಿಂದ ಚಂದಾ ಕೊಟ್ಟಿಲ್ಲ. ಮದುವೆ ಬಂದಾಗ ಮಾತ್ರ ದೇವಾಲಯ ಬೇಕು. ಅವರಿಂದ ವಸೂಲು ಮಾಡುವುದು ಹೇಗೆ?" ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಅಂಥವರ ಮನೆಗೆ ಹೋಗಿ ಕೇಳಲಿ, ನಾನೂ ಜತೆಗೆ ಬರುತ್ತೇನೆ. ಮದುವೆಗೆ ಸಭಾಂಗಣದ ಬಾಡಿಗೆಯನ್ನು ಕಟ್ಟುನಿಟ್ಟಾಗಿ ತೆಗೆದುಕೊಳ್ಳಲಿ. ಕಮಿಟಿಯ ಚುನಾವಣೆಯಲ್ಲಿ ಮತ ಬೇಕಾದರೆ ಚಂದಾ ಕಟ್ಟಿರಬೇಕೆನ್ನಲಿ. ಅದು ಮನೆವಾರ್ತೆಯ ಲೆಕ್ಕ, ಅಲ್ಲಿ ರಸೀದಿ ಇರಲೇಬೇಕು. ಆದರೆ ರೊಟ್ಟಿ, ದ್ರಾಕ್ಷಾರಸ, ಸ್ನಾನದೀಕ್ಷೆಯ ನೀರು, ಸಮಾಧಿಯ ಮೇಲೆ ಹಾಕುವ ಮೂರು ಹಿಡಿ ಮಣ್ಣು, ಇವು ನಮ್ಮ ಕಮಿಟಿಯ ಆಸ್ತಿಯಲ್ಲ. ಇವಕ್ಕೆ ಬೆಲೆ ಕಟ್ಟುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಇನ್ನು, ಆ ಪಟ್ಟಿಯನ್ನು ಒಮ್ಮೆ ಸರಿಯಾಗಿ ಓದಿದೆ. ಎರಡು ಮಹಡಿಯವರು ಇಬ್ಬರೋ ಮೂವರೋ ಇರಬಹುದು. ಮಿಕ್ಕವರಲ್ಲಿ ಬೀಡಿ ಕಟ್ಟುವ ವಿಧವೆಯಿದ್ದಾಳೆ, ಗಂಡನಿಗೆ ಡಯಾಲಿಸಿಸ್ ಮಾಡಿಸುತ್ತಿರುವವಳಿದ್ದಾಳೆ, ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿ ಬಿಟ್ಟ ಒಬ್ಬ ಹುಡುಗನಿದ್ದಾನೆ. ಹುಡುಗನೇನು, ಈಗ ಐವತ್ತು ದಾಟಿದೆ. ಪಟ್ಟಿ ಬಂದ ಮುಂದಿನ ಭಾನುವಾರ ಇವರಲ್ಲಿ ಯಾರೂ ದೇವಾಲಯಕ್ಕೆ ಬಂದಿರಲಿಲ್ಲ. ಎರಡು ಮಹಡಿಯವರು ಹೇಗೂ ಬರುವುದಿಲ್ಲ, ಅವರು ಗಲ್ಫಿನಲ್ಲಿದ್ದಾರೆ.

ತಪ್ಪಿಹೋದ ಮಗನ ಸಾಮ್ಯವನ್ನು ನಾನು ಶಾಲೆಯಲ್ಲಿಯೂ ನೀತಿಪಾಠವೆಂದು ಹೇಳಿದ್ದುಂಟು, ನಿಮಗೆ ನೆನಪಿರಬಹುದು. ಕಿರಿಯವನ ಕಥೆಯನ್ನೇ ವಿಸ್ತಾರವಾಗಿ ಹೇಳಿ, ಹಿರಿಯವನನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಹಿರಿಯವನ ಕೈಯಲ್ಲಿಯೂ ಒಂದು ಲೆಡ್ಜರು ಇದೆಯೆಂಬುದು ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷ ನಿನ್ನ ಸೇವೆ ಮಾಡಿದ್ದೇನೆ, ಒಂದು ಆಡಿನ ಮರಿಯನ್ನೂ ನನಗೆ ಕೊಡಲಿಲ್ಲ ಎಂದು ಅವನು ಲೆಕ್ಕ ಒಪ್ಪಿಸುತ್ತಾನೆ. ತಂದೆ ಅವನನ್ನು ಕರೆಯಲು ಸಹ ಔತಣ ಬಿಟ್ಟು ಅಂಗಳಕ್ಕೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಲೂಕನು ಬರೆದಿಲ್ಲ.

ನಮ್ಮ ಸಭೆಯ ವಾರ್ಷಿಕ ಸಾಮಾನ್ಯ ಸಭೆ ಬರುವ ತಿಂಗಳು ಕೂಡುತ್ತದೆ. 1998ರ ಆ ನಡಾವಳಿಯನ್ನು ರದ್ದುಪಡಿಸಬೇಕು, ಬಾಕಿಯ ಕಾರಣದಿಂದ ಯಾರಿಗೂ ಕರ್ತನ ಭೋಜನವನ್ನಾಗಲಿ ಸಮಾಧಿ ಆರಾಧನೆಯನ್ನಾಗಲಿ ನಿರಾಕರಿಸಬಾರದು ಎಂಬ ಠರಾವನ್ನು ಬರೆದು ಕಾರ್ಯದರ್ಶಿಗೆ ಕೊಟ್ಟಿದ್ದೇನೆ. ಕೈ ನಡುಗುವುದರಿಂದ ಅಕ್ಷರ ಮೊದಲಿನಂತೆ ದುಂಡಗಿಲ್ಲ. ಆ ಮಗಳನ್ನೂ ಹುಡುಕಿ ಹೋಗಿದ್ದೆ. ಬೇರೆ ಊರಿನಲ್ಲಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಬೆಂಡೋಲೆ ಬಿಡಿಸಿಕೊಂಡೆಯಾ ಎಂದು ಕೇಳಿದೆ. "ಇಲ್ಲ ಮಾಸ್ಟ್ರೇ, ಅದು ಹೋಯ್ತು" ಎಂದು ಚಹಾ ತಂದಿಟ್ಟಳು.

ಠರಾವನ್ನು ಮಂಡಿಸಲು ಒಬ್ಬರು, ಅನುಮೋದಿಸಲು ಇನ್ನೊಬ್ಬರು ಬೇಕೆಂಬುದು ನಿಯಮ. ಅಳಿಯನನ್ನು ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಮಾವ ಎಂದಿದ್ದಾನೆ.